ಸೈಪ್ರಸ್‌ನ ಹಸಿರು ಗೆರೆ: ಎರಡೂ ಕಡೆ ಶಾಂತಿಗಾಗಿ ದುಡಿಯುತ್ತಿರುವವರ ಬಗ್ಗೆ ಮಾತಾಡೋಣ

ಮಡಿಕೇರಿ ಮಂಜು
ಈ ಸಲ ರಜೆಗೆ ಊರಿಗೆ ಬಂದಾಗ ಮಗಳನ್ನು ಜನರಲ್ ತಿಮ್ಮಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅವರ ‘ಸನ್ನಿ ಸೈಡ್’ ಮನೆಯನ್ನೇ 2021ರಲ್ಲಿ ಮ್ಯೂಸಿಯಂ ಮಾಡಿದರಲ್ಲ, ಅದು. ಮಗಳು ಕೇಳಿದಳು: “ಅಪ್ಪ, ಇವರು ತೀರಿಕೊಂಡಿದ್ದು ನಾವಿರೋ ದೇಶದಲ್ಲಾ?”

ಹೌದು. ನಾನು ಆರು ವರ್ಷದಿಂದ ಸೈಪ್ರಸ್‌ನ ನಿಕೋಸಿಯಾದಲ್ಲಿ ಕೆಲಸದಲ್ಲಿದ್ದೇನೆ. ತಿಮ್ಮಯ್ಯನವರು ಅಲ್ಲಿಗೆ ಬಂದಿದ್ದು 1964ರಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತದಿಂದ ಹೋಗಿಬಿಟ್ಟರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾ ಊರಿನಲ್ಲಿ ಅವರ ಹೆಸರಿನ ರಸ್ತೆಯೂ ಇದೆ. ಅದಕ್ಕೂ ಮೊದಲು, 1953ರಲ್ಲಿ, ಕೊರಿಯಾದಲ್ಲಿ ಯುದ್ಧಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವ ಆಯೋಗಕ್ಕೂ ಅವರೇ ಅಧ್ಯಕ್ಷರು. ಒಡೆದ ಎರಡು ನಾಡುಗಳನ್ನು ಹತ್ತಿರದಿಂದ ಕಂಡ ಮನುಷ್ಯ, ನಮ್ಮ ಮಡಿಕೇರಿಯವರು.

ಗೊತ್ತಿಲ್ಲದವರಿಗೆ ಹಿನ್ನೆಲೆ. ಸೈಪ್ರಸ್ ಬ್ರಿಟಿಷರಿಂದ ಬಿಡುಗಡೆ ಆಗಿದ್ದು 1960ರಲ್ಲಿ. ಗ್ರೀಕ್ ಮಾತಾಡುವ ಕ್ರೈಸ್ತರು ಜಾಸ್ತಿ, ಟರ್ಕಿಷ್ ಮಾತಾಡುವ ಮುಸ್ಲಿಮರು ಕಡಿಮೆ. ಮೂರೇ ವರ್ಷಕ್ಕೆ ಹೊಡೆದಾಟ ಶುರುವಾಯಿತು. 1963ರ ಕೊನೆಗೆ ಒಬ್ಬ ಬ್ರಿಟಿಷ್ ಸೇನಾಧಿಕಾರಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲ್‌ನಲ್ಲಿ ಗೆರೆ ಎಳೆದ. ಅದಕ್ಕೇ ಇವತ್ತಿಗೂ ಹಸಿರು ಗೆರೆ ಅನ್ನುತ್ತಾರೆ. 1974ರ ಜುಲೈನಲ್ಲಿ ಗ್ರೀಸ್‌ನ ಸೇನಾಡಳಿತ ಇಲ್ಲಿ ಸರ್ಕಾರ ಉರುಳಿಸಿತು, ಐದು ದಿನಕ್ಕೆ ಟರ್ಕಿಯ ಸೇನೆ ಬಂದು ಇಳಿಯಿತು. ಆಮೇಲೆ ದೇಶ ಎರಡು ಪಾಲು. ಗ್ರೀಕರು ಬಹುತೇಕ ದಕ್ಷಿಣಕ್ಕೆ, ಟರ್ಕರು ಬಹುತೇಕ ಉತ್ತರಕ್ಕೆ. ನಡುವೆ ಸುಮಾರು 180 ಕಿಲೋಮೀಟರ್ ಉದ್ದದ, ಯಾರಿಗೂ ಸೇರದ ಪಟ್ಟಿ. ಉತ್ತರ ಭಾಗವನ್ನು ದೇಶ ಅಂತ ಒಪ್ಪಿಕೊಂಡಿರುವುದು ಟರ್ಕಿ ಮಾತ್ರ.

ನಾನು ಬರೆಯಲು ಕೂತಿದ್ದು ಯುದ್ಧದ ಬಗ್ಗೆ ಅಲ್ಲ. ಐವತ್ತು ವರ್ಷವಾದರೂ ದೊಡ್ಡವರ ಒಪ್ಪಂದ ಆಗಿಲ್ಲ. ಆದರೆ ಅದಕ್ಕಾಗಿ ಕಾಯದೆ ಕೆಲಸ ಮಾಡುತ್ತಿರುವ ಜನ ಇದ್ದಾರೆ. ಪಾದ್ರಿಗಳು, ಇಮಾಮರು, ಮೇಷ್ಟ್ರುಗಳು, ಇಂಜಿನಿಯರುಗಳು. ಅವರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಕಂಡಿದ್ದು ಹೇಳುತ್ತೇನೆ, ನೀವೂ ಸೇರಿಸಿ.

ಹೊನ್ನಾಳಿ ಮೇಷ್ಟ್ರು
ಮಂಜು ಅವರೇ, ಒಳ್ಳೆಯ ವಿಷಯ ಎತ್ತಿದ್ದೀರಿ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು, ಒಂದು ಮಾತು ಹೇಳದೆ ಇರಲಾರೆ. ಧರ್ಮಗುರುಗಳು ಶಾಂತಿ ತರುತ್ತಾರೆ ಅನ್ನುವ ಮೊದಲು, ಜಗಳಕ್ಕೆ ಗಾಳಿ ಹಾಕಿದವರು ಯಾರು ಅಂತಲೂ ನೋಡಬೇಕಲ್ಲವಾ? 1950ರ ಜನವರಿಯಲ್ಲಿ ‘ಎನೋಸಿಸ್’, ಅಂದರೆ ಗ್ರೀಸ್ ಜೊತೆ ಸೇರಬೇಕು ಅಂತ ಜನಮತ ತೆಗೆದುಕೊಂಡಿದ್ದು ಯಾರು? ಚರ್ಚು. ಜನ ಸಹಿ ಹಾಕಿದ್ದು ಎಲ್ಲಿ? ಚರ್ಚಿನೊಳಗೆ. ಶೇ 96ರಷ್ಟು ಜನ ಹೌದು ಎಂದರು. ದ್ವೀಪದಲ್ಲಿ ತಮ್ಮ ಜೊತೆಗೇ ಬದುಕುತ್ತಿದ್ದ ಟರ್ಕಿಷ್ ಮಾತಿನವರು ಏನೆಂದುಕೊಂಡಾರು ಅಂತ ಯಾರೂ ಕೇಳಲಿಲ್ಲ. ಅವರ ಕಡೆಯಿಂದ ‘ತಕ್ಸಿಮ್’, ಅಂದರೆ ಪಾಲು ಮಾಡಿ ಅನ್ನುವ ಕೂಗು ಎದ್ದಿತು. ಮೊದಲ ರಾಷ್ಟ್ರಪತಿ ಮಕಾರಿಯೋಸ್ ಸ್ವತಃ ಆರ್ಚ್‌ಬಿಷಪ್. ಪೀಠವೂ ಅವರದೇ, ಕುರ್ಚಿಯೂ ಅವರದೇ. ಇದನ್ನು ಬಿಟ್ಟು ಬರೀ ಕೈಕುಲುಕಿದ ಫೋಟೋ ತೋರಿಸಿದರೆ ನನಗೆ ಸಮಾಧಾನ ಆಗುವುದಿಲ್ಲ.

ಮಡಿಕೇರಿ ಮಂಜು
ಮೇಷ್ಟ್ರೇ, ನೀವು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಅಲ್ಲಿಯ ನನ್ನ ಗ್ರೀಕ್ ಗೆಳೆಯರೂ ಇದನ್ನೇ ಹೇಳುತ್ತಾರೆ. ಆದರೆ ನನಗನ್ನಿಸುವುದು ಏನೆಂದರೆ, ಆ ಕಾರಣಕ್ಕೇ ಧರ್ಮಗುರುಗಳು ಬರಲೇಬೇಕು. ಜಗಳದಲ್ಲಿ ಯಾರ ಮಾತಿಗೆ ಬೆಲೆ ಇತ್ತೋ, ರಾಜಿಯಲ್ಲೂ ಅವರ ಮಾತಿಗೇ ಬೆಲೆ.

2009ರಲ್ಲಿ ಸ್ವೀಡನ್ ರಾಯಭಾರ ಕಚೇರಿಯ ಆಶ್ರಯದಲ್ಲಿ ಧರ್ಮಗುರುಗಳ ಮಾತುಕತೆ ಶುರುವಾಯಿತು. ಐದು ಸಮುದಾಯ: ಗ್ರೀಕ್ ಆರ್ಥೊಡಾಕ್ಸ್, ಮುಸ್ಲಿಂ, ಅರ್ಮೇನಿಯನ್, ಮ್ಯಾರೊನೈಟ್, ಲ್ಯಾಟಿನ್ ಕ್ಯಾಥೊಲಿಕ್. ಮೊದಲು ಬರೀ ಭೇಟಿ. ಆಮೇಲೆ ನಿಜವಾದ ಕೆಲಸ. 2013ರ ಅಕ್ಟೋಬರ್‌ನಲ್ಲಿ ಉತ್ತರದ ಮುಫ್ತಿ ತಾಲಿಪ್ ಅತಲಾಯ್ ಗೆರೆ ದಾಟಿ ದಕ್ಷಿಣಕ್ಕೆ ಬಂದು ‘ಹಾಲಾ ಸುಲ್ತಾನ್ ತೆಕ್ಕೆ’ ಅನ್ನುವ ದರ್ಗಾದಲ್ಲಿ ಪ್ರಾರ್ಥನೆ ಮಾಡಿದರು. ಕರ್ಪಾಸಿಯಾದ ಬಿಷಪ್ ಕ್ರಿಸ್ಟೊಫೊರೊಸ್ ಉತ್ತರಕ್ಕೆ ಹೋಗಿ ಅಪೊಸ್ತೊಲೊಸ್ ಆಂದ್ರೆಯಾಸ್ ಮಠದಲ್ಲಿ ಪ್ರಾರ್ಥನೆ ಮಾಡಿದರು. ಅಲ್ಲಿಯ ತನಕ ಇಬ್ಬರಿಗೂ ದಾಟಲು ಬಿಟ್ಟಿರಲಿಲ್ಲ. ಯಾವ ರಾಜಕಾರಣಿಯೂ ಇಬ್ಬರಿಗೂ ಒಟ್ಟಿಗೆ ಬಾಗಿಲು ತೆಗೆಸಿರಲಿಲ್ಲ. ನೀನು ನನ್ನವರನ್ನು ಬಿಡು, ನಾನು ನಿನ್ನವರನ್ನು ಬಿಡುತ್ತೇನೆ ಅನ್ನುವ ಲೆಕ್ಕ ಅದು, ಸರಿ. ಆದರೆ ಕೇಳಿದ್ದು ತಮ್ಮವರಿಗಾಗಿ ಮಾತ್ರ ಅಲ್ಲ, ಎದುರಿನವರ ಪೂಜೆಯ ಹಕ್ಕಿಗಾಗಿಯೂ ಇವರು ಬಾಯಿ ಬಿಟ್ಟರು. ಅದು ನನಗೆ ದೊಡ್ಡದು.

ಚನ್ನಪಟ್ಟಣದ ನೂರಿ
ಹಾಲಾ ಸುಲ್ತಾನ್ ಅಂದರೆ ಉಮ್ಮೆ ಹರಾಮ್ ಅವರ ದರ್ಗಾ ಅಲ್ವಾ? ನಮ್ಮ ಅಜ್ಜಿ ಅವರ ಕಥೆ ಹೇಳುತ್ತಿದ್ದರು. ಪ್ರವಾದಿಯವರ ಬಂಧು, ಸಮುದ್ರ ದಾಟಿ ಹೋದವರು, ಹೇಸರಗತ್ತೆಯಿಂದ ಬಿದ್ದು ಅಲ್ಲೇ ತೀರಿಕೊಂಡರು ಅಂತ. ಆ ಜಾಗ ಈಗ ಕ್ರೈಸ್ತರೇ ಇರುವ ಕಡೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಯಾರು ನೋಡಿಕೊಳ್ಳುತ್ತಾರೆ? ಹೋಗಲು ಬಿಡುತ್ತಾರಾ?

ಕಡಲತಡಿ
ನೂರಿ, ನಾನು ಕುಂದಾಪುರದವಳು, ಲಾರ್ನಕಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ತೆಕ್ಕೆ ನಮ್ಮ ಊರಿನ ಉಪ್ಪುನೀರಿನ ಕೆರೆಯ ದಡದಲ್ಲೇ ಇದೆ. ಈಚಲ ಮರ, ಬಿಳಿ ಮಿನಾರು, ಮೆಟ್ಟಿಲ ತುಂಬಾ ಬೆಕ್ಕುಗಳು. ಯಾರು ಬೇಕಾದರೂ ಹೋಗಬಹುದು. ತಲೆಗೆ ಬಟ್ಟೆ ಹಾಕಿಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಉತ್ತರದಿಂದ ಬಸ್ಸು ಬಸ್ಸು ಜನ ಬರುತ್ತಾರೆ. ಒಂದು ಸಲ ಹಾಗೆ ಬಂದಿದ್ದ ಒಬ್ಬ ತಾಯಿ ನನ್ನ ಮುಖ ನೋಡಿ “ಹಿಂದಿಸ್ತಾನ್?” ಅಂತ ಕೇಳಿ, ಕೈಗೆ ಒಂದು ತುಂಡು ಸಿಹಿ ಇಟ್ಟರು. ನನಗೆ ಟರ್ಕಿಷ್ ಬರುವುದಿಲ್ಲ, ಅವರಿಗೆ ಗ್ರೀಕ್ ಬರುವುದಿಲ್ಲ. ತಿಂದೆ, ಇಬ್ಬರೂ ನಕ್ಕೆವು.

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಮಾತು. ನಾನು ಮೊದಲು ನೋಡಿಕೊಳ್ಳುತ್ತಿದ್ದ ಅಜ್ಜಿ 1974ರಲ್ಲಿ ಉತ್ತರದ ಹಳ್ಳಿ ಬಿಟ್ಟು ಓಡಿಬಂದವರು. 2003ರಲ್ಲಿ ಜನ ಗೆರೆ ದಾಟಲು ದಾರಿ ತೆಗೆದಾಗ ಅಕ್ಕಪಕ್ಕದವರೆಲ್ಲ ತಮ್ಮ ಮನೆ ನೋಡಲು ಓಡಿದರಂತೆ. ಈ ಅಜ್ಜಿ ಹೋಗಲಿಲ್ಲ. “ನನ್ನ ಊರಿಗೆ ನಾನು ಹೋಗಲು ಇನ್ನೊಬ್ಬನಿಗೆ ಕಾಗದ ತೋರಿಸಬೇಕಾ?” ಅನ್ನುತ್ತಿದ್ದರು. ಮಕ್ಕಳು ಎಷ್ಟು ಕರೆದರೂ ಇಲ್ಲ. ಎಷ್ಟೋ ಗ್ರೀಕರು ಇವತ್ತಿಗೂ ಹೀಗೇ ಇದ್ದಾರೆ.

ಆದರೆ ಅಪೊಸ್ತೊಲೊಸ್ ಆಂದ್ರೆಯಾಸ್ ಮಠ ರಿಪೇರಿಯಾಗಿ ಮತ್ತೆ ತೆರೆದ ಮೇಲೆ, ಒಂದು ನವೆಂಬರ್ 30ರ ಹಬ್ಬಕ್ಕೆ ಚರ್ಚಿನವರ ಬಸ್ಸಿನಲ್ಲಿ ಹೊರಟುಬಿಟ್ಟರು! ಮಗನಿಗೆ ಹುಷಾರಿಲ್ಲದಾಗ ಹೊತ್ತ ಹರಕೆ ನಲವತ್ತು ವರ್ಷದಿಂದ ಬಾಕಿ ಇತ್ತು. ಕಾಗದ ತೋರಿಸಿದಿರಾ ಅಂತ ಕೇಳಿದೆ. “ಅದು ಸಂತನ ಮನೆ. ಅಲ್ಲಿಗೆ ಹೋಗಲು ನನಗೇನು ನಾಚಿಕೆ” ಅಂದರು. ಮಠದ ಕೆಳಗೆ ಸಮುದ್ರದ ಪಕ್ಕ ಸಿಹಿನೀರಿನ ಊಟೆ ಇದೆ. ಆ ನೀರನ್ನು ಜ್ಯೂಸ್ ಬಾಟಲಿಯಲ್ಲಿ ತುಂಬಿಕೊಂಡು ಬಂದು, ಮನೆಯವರಿಗೆಲ್ಲ ಚಮಚದಲ್ಲಿ ಕೊಟ್ಟರು. ನನಗೂ ಕೊಟ್ಟರು. ಅಲ್ಲಿ ಮೇಣದಬತ್ತಿ ಹಚ್ಚಲು ತನ್ನ ಪಕ್ಕ ನಿಂತವಳು ಮುಸ್ಲಿಂ ಹೆಂಗಸು, ಅವಳಿಗೂ ಮಗನದೇ ಹರಕೆ ಅಂತ ಒಂದು ವಾರ ಅದನ್ನೇ ಹೇಳಿದರು. ಸರ್ಕಾರದವರ ಮಾತಿಗೆ ಜಗ್ಗದ ಅಜ್ಜಿ ಹರಕೆಗೆ ಜಗ್ಗಿದರು ಮೇಷ್ಟ್ರೇ.

ಮಡಿಕೇರಿ ಮಂಜು
ಅಕ್ಕ, ಓದಿ ಗಂಟಲು ಕಟ್ಟಿತು. ಆ ಮಠದ ರಿಪೇರಿಯೇ ಒಂದು ದೊಡ್ಡ ಕಥೆ. ಮಾಡಿಸಿದ್ದು ಎರಡೂ ಕಡೆಯವರಿರುವ ಸಾಂಸ್ಕೃತಿಕ ಪರಂಪರೆ ಸಮಿತಿ, ವಿಶ್ವಸಂಸ್ಥೆಯ ಸಹಾಯದಿಂದ. ಹಣ ಹಾಕಿದವರು ಸೈಪ್ರಸ್ ಚರ್ಚು ಮತ್ತು ಎವ್ಕಾಫ್. ನಮ್ಮ ಕಡೆ ವಕ್ಫ್ ಅನ್ನುತ್ತೇವಲ್ಲ, ಅದೇ ಅಲ್ಲಿ ಎವ್ಕಾಫ್. ಕ್ರೈಸ್ತರ ಮಠಕ್ಕೆ ವಕ್ಫಿನ ದುಡ್ಡು! ಮೊದಲ ಹಂತ 2016ರಲ್ಲಿ ಮುಗಿಯಿತು. ಅದೇ ಸಮಿತಿ ದಕ್ಷಿಣದಲ್ಲಿ ಹಾಳುಬಿದ್ದ ಮಸೀದಿಗಳನ್ನೂ ರಿಪೇರಿ ಮಾಡಿಸಿದೆ.

ಉತ್ತರದಲ್ಲಿ 1974ರ ನಂತರ ಚರ್ಚುಗಳ ಗತಿ ಏನಾಗಿತ್ತು ಅಂತ ಹೇಳದಿದ್ದರೆ ಇದರ ಬೆಲೆ ಗೊತ್ತಾಗುವುದಿಲ್ಲ. ನೂರಾರು ಚರ್ಚುಗಳು ಲೂಟಿಯಾದವು, ಕೆಲವನ್ನು ಕೊಟ್ಟಿಗೆ ಮಾಡಿಕೊಂಡಿದ್ದರು. ಕನಕಾರಿಯಾ ಚರ್ಚಿನ ಗೋಡೆಯ ಸುಮಾರು ಸಾವಿರದ ಐನೂರು ವರ್ಷ ಹಳೆಯ ಮೊಸಾಯಿಕ್ ಚಿತ್ರಗಳನ್ನು ಕಿತ್ತು ಅಮೆರಿಕದ ತನಕ ಮಾರಿದ್ದರು. ಅಲ್ಲಿಯ ಕೋರ್ಟೇ ಅವನ್ನು ವಾಪಸ್ ಕೊಡಿಸಿತು. ಅಂಥ ನೆಲದಲ್ಲಿ, 2014ರ ಗುಡ್ ಫ್ರೈಡೆಯಂದು, ಫಮಗುಸ್ತಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ 50ಕ್ಕೂ ಹೆಚ್ಚು ವರ್ಷಗಳ ನಂತರ ಗ್ರೀಕರು ಪ್ರಾರ್ಥನೆ ಮಾಡಿದರು.

ಜಲಮಂಡಳಿ ನಿವೃತ್ತ
ದೇವರ ವಿಷಯ ಚೆನ್ನಾಗಿದೆ. ಚರಂಡಿ ವಿಷಯ ನಾನು ಹೇಳುತ್ತೇನೆ. ನಾನು ಮೂವತ್ತೈದು ವರ್ಷ ಯುಜಿಡಿ, ಅಂದರೆ ಒಳಚರಂಡಿ ಲೈನುಗಳಲ್ಲೇ ಕಳೆದವನು, ನಿಕೋಸಿಯಾದ ಒಳಚರಂಡಿ ನಮ್ಮವರ ನಡುವೆ ಗಾದೆಯ ಹಾಗೆ.

ಊರನ್ನು ಗೆರೆ ಎಳೆದು ಪಾಲು ಮಾಡಬಹುದು. ಇಳಿಜಾರನ್ನು ಪಾಲು ಮಾಡಲು ಆಗುವುದಿಲ್ಲ. 1974ರಲ್ಲಿ ಪೈಪಿನ ಬಹುಪಾಲು ದಕ್ಷಿಣದಲ್ಲಿ ಉಳಿಯಿತು, ಕೊಳಚೆ ನೀರು ಶುದ್ಧ ಮಾಡುವ ಜಾಗ ಉತ್ತರದಲ್ಲಿ. ಎರಡೂ ಕಡೆಯವರು ಸುಮ್ಮನೆ ಕೂತಿದ್ದರೆ ಇಡೀ ಊರಿಗೆ ಕಾಲರಾ. ಆಗ ದಕ್ಷಿಣದ ಮೇಯರ್ ಲೆಲ್ಲೋಸ್ ದೆಮೆತ್ರಿಯಾದಿಸ್, ಉತ್ತರದ ಮೇಯರ್ ಮುಸ್ತಫಾ ಅಕಿಂಜಿ ಇಬ್ಬರೂ ಭೇಟಿಯಾಗಿ, ಒಂದೇ ಒಳಚರಂಡಿ ಅಂತ ತೀರ್ಮಾನ ಮಾಡಿದರು. ಯಾರು ಯಾರನ್ನು ಸರ್ಕಾರ ಅಂತ ಒಪ್ಪಿಕೊಂಡರು ಅನ್ನುವ ಮಾತೇ ಎತ್ತಲಿಲ್ಲ. ಎಷ್ಟು ಇಂಚಿನ ಪೈಪು, ಎಲ್ಲಿ ಮ್ಯಾನ್‌ಹೋಲು, ಅಷ್ಟೇ. ಮುಂದೆ ಅದೇ ಸ್ನೇಹದಿಂದ ಇಡೀ ನಿಕೋಸಿಯಾಕ್ಕೆ ಒಂದೇ ಮಾಸ್ಟರ್ ಪ್ಲಾನ್ ಕೂಡ ಮಾಡಿದರು. ನಾಳೆ ಗೋಡೆ ಬಿದ್ದರೆ ರಸ್ತೆಗಳು ಒಂದಕ್ಕೊಂದು ಕೂಡಬೇಕಲ್ಲ, ಅದಕ್ಕೆ. ಅಕಿಂಜಿ ಆಮೇಲೆ 2015ರಲ್ಲಿ ಉತ್ತರದ ಅಧ್ಯಕ್ಷರೇ ಆದರು.

ಇನ್ನೊಂದು. 2011ರ ಜುಲೈನಲ್ಲಿ ದಕ್ಷಿಣದ ನೌಕಾನೆಲೆಯಲ್ಲಿ ಮದ್ದುಗುಂಡು ಸಿಡಿದು ಪಕ್ಕದ ದೊಡ್ಡ ವಿದ್ಯುತ್ ಸ್ಥಾವರವೇ ಹಾಳಾಯಿತು. ಸುಡು ಬೇಸಿಗೆ. ಆಗ ಉತ್ತರದವರು ಕರೆಂಟು ಕೊಟ್ಟರು.

ಹೊನ್ನಾಳಿ ಮೇಷ್ಟ್ರು
ಚರಂಡಿಯ ವಿಷಯ ಕೇಳಿ ಮನಸ್ಸು ಸ್ವಲ್ಪ ಮೆತ್ತಗಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಆದರೂ ಕೇಳುತ್ತೇನೆ. 2004ರಲ್ಲಿ ಎರಡೂ ಕಡೆಯನ್ನು ಮತ್ತೆ ಒಂದು ಮಾಡುವ ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಯೋಜನೆಗೆ ಮತ ಹಾಕಿಸಿದರು. ಟರ್ಕಿಷ್ ಕಡೆಯವರು ಶೇ 65ರಷ್ಟು ಹೌದು ಅಂದರು, ಗ್ರೀಕರು ಶೇ 76ರಷ್ಟು ಬೇಡ ಅಂದರು. 2017ರಲ್ಲಿ ಸ್ವಿಟ್ಜರ್ಲೆಂಡಿನ ಮಾತುಕತೆಯೂ ಮುರಿದುಬಿತ್ತು. ಇಷ್ಟೆಲ್ಲ ಪ್ರಾರ್ಥನೆ, ಭೇಟಿ, ರಿಪೇರಿಯಿಂದ ಆಗಿದ್ದೇನು?

ಮಡಿಕೇರಿ ಮಂಜು
ಮೇಷ್ಟ್ರೇ, ಈ ಪ್ರಶ್ನೆ ನನ್ನನ್ನೂ ಕಾಡಿದೆ. ನನ್ನ ಉತ್ತರ ಪೂರ್ತಿ ಸರಿ ಇರಲಿಕ್ಕಿಲ್ಲ, ಆದರೂ ಹೇಳುತ್ತೇನೆ.

ಮೊದಲನೆಯದು, 2003ರ ದಾರಿ ಯಾರೋ ದೊಡ್ಡ ಮನಸ್ಸು ಮಾಡಿ ತೆಗೆದಿದ್ದಲ್ಲ. ಅದರ ಹಿಂದಿನ ಚಳಿಗಾಲದಲ್ಲಿ ಉತ್ತರದಲ್ಲಿ ಮೇಷ್ಟ್ರುಗಳ ಸಂಘ, ಕಾರ್ಮಿಕ ಸಂಘಗಳು, ಹೆಂಗಸರು ಎಲ್ಲ ಸೇರಿ ಬೀದಿಗೆ ಇಳಿದಿದ್ದರು. ‘ಈ ನಾಡು ನಮ್ಮದು’ ಅನ್ನುವುದೇ ಅವರ ಘೋಷಣೆ. 2003ರ ಜನವರಿ 14ರಂದು ಹತ್ತಾರು ಸಾವಿರ ಜನ ಸೇರಿದ್ದರು. ಆಗ ಅಲ್ಲಿಯ ಒಟ್ಟು ಜನಸಂಖ್ಯೆ ಎರಡು ಲಕ್ಷದ ಆಸುಪಾಸು ಅಂದರೆ ಲೆಕ್ಕ ಹಾಕಿ. ತಮ್ಮದೇ ನಾಯಕರ ಎದುರು, ಟರ್ಕಿಯ ಸೈನಿಕರು ಇರುವಾಗ, ನಮಗೆ ಶಾಂತಿ ಬೇಕು ಅಂದರು. ಏಪ್ರಿಲ್ 23ಕ್ಕೆ ದಾರಿ ತೆರೆಯಿತು. ಅಲ್ಲಿಂದ ಇಲ್ಲಿಯ ತನಕ ಕೋಟ್ಯಂತರ ಸಲ ಜನ ಆಕಡೆ ಈಕಡೆ ಓಡಾಡಿದ್ದಾರೆ. ಮತ್ತೆ ರಕ್ತ ಹರಿಯುತ್ತೆ ಅಂತ ಹೆದರಿಸಿದವರ ಮಾತು ನಿಜವಾಗಲಿಲ್ಲ. ಹಾಗಂತ ಎಲ್ಲ ತಣ್ಣಗಿದೆ ಅಂತಲ್ಲ. 2023ರ ಆಗಸ್ಟ್‌ನಲ್ಲಿ ಪೀಲಾ ಹಳ್ಳಿಯ ಹತ್ತಿರ ರಸ್ತೆ ಮಾಡುವ ವಿಷಯಕ್ಕೆ ಉತ್ತರದ ಪೊಲೀಸರು ವಿಶ್ವಸಂಸ್ಥೆಯ ಸೈನಿಕರನ್ನೇ ಹೊಡೆದರು. ಅದೇ ಪೀಲಾದಲ್ಲಿ ಎರಡೂ ಸಮುದಾಯದವರು ಇವತ್ತಿಗೂ ಅಕ್ಕಪಕ್ಕ ಬದುಕುತ್ತಿದ್ದಾರೆ.

ಎರಡನೆಯದನ್ನು ಬರೆಯಲು ಸ್ವಲ್ಪ ಕಷ್ಟ. 1963ರಿಂದ 1974ರ ತನಕ ಕಾಣೆಯಾದವರು 2002 ಮಂದಿ. 1510 ಗ್ರೀಕರು, 492 ಟರ್ಕರು. ಇವರನ್ನು ಹುಡುಕಲು ಎರಡೂ ಕಡೆಯವರಿರುವ ಒಂದು ಸಮಿತಿ ಇದೆ. 1981ರಲ್ಲೇ ಆಗಿದ್ದು, ಆದರೆ ನೆಲ ಅಗೆಯುವ ಕೆಲಸ ಜೋರಾಗಿದ್ದು 2006ರ ನಂತರ. ಗ್ರೀಕ್ ಮತ್ತು ಟರ್ಕಿಷ್ ಹುಡುಗ ಹುಡುಗಿಯರು ಒಂದೇ ಗುಂಡಿಯಲ್ಲಿ ಕೂತು ಬ್ರಷ್ಷಿನಿಂದ ಮಣ್ಣು ಸರಿಸುತ್ತಾರೆ. 1000ಕ್ಕೂ ಹೆಚ್ಚು ಜನರ ಗುರುತು ಪತ್ತೆ ಮಾಡಿ ಮನೆಯವರಿಗೆ ಕೊಟ್ಟಿದ್ದಾರೆ. ಎಲ್ಲಿ ಹೂತಿದ್ದಾರೆ ಅಂತ ಬಲ್ಲವರು ಹಳ್ಳಿಯ ಮುದುಕರು, ಬಾಯಿ ಬಿಡಲು ಹೆದರುತ್ತಾರೆ. ಸೆವ್‌ಗುಲ್ ಉಲುದಾ ಅನ್ನುವ ಟರ್ಕಿಷ್ ಸೈಪ್ರಿಯಟ್ ಪತ್ರಕರ್ತೆ ವರ್ಷಗಟ್ಟಲೆ ಎರಡೂ ಕಡೆಯ ಪತ್ರಿಕೆಗಳಲ್ಲಿ ಬರೆದು, ಹೆಸರು ಹೇಳಬೇಡಿ, ಜಾಗ ಮಾತ್ರ ಹೇಳಿ ಅಂತ ಜನರನ್ನು ಬೇಡಿಕೊಂಡವರು. ಧರ್ಮಗುರುಗಳೂ ಗೊತ್ತಿದ್ದವರು ಮುಂದೆ ಬನ್ನಿ ಅಂತ ಒಟ್ಟಿಗೆ ಕರೆ ಕೊಟ್ಟಿದ್ದಾರೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರ ಚಿಕ್ಕಪ್ಪ ಹೀಗೆ ಸಿಕ್ಕಿದರು. ಕಾಣೆಯಾದಾಗ ಅವರಿಗೆ ಹತ್ತೊಂಬತ್ತು ವರ್ಷ. ಮೊದಲು ಮನೆಯವರನ್ನು ಕರೆದು ಮೇಜಿನ ಮೇಲೆ ಮೂಳೆಗಳನ್ನು ತಲೆಯಿಂದ ಕಾಲಿನ ತನಕ ಕ್ರಮವಾಗಿ ಜೋಡಿಸಿ ತೋರಿಸುತ್ತಾರೆ. ಅವರ ಅಕ್ಕ, ಈಗ ಎಂಬತ್ತರ ಹತ್ತಿರದವರು, ಕೈಯ ಮೂಳೆಯ ಮೇಲೆ ತಮ್ಮ ಅಂಗೈ ಇಟ್ಟು ಬಹಳ ಹೊತ್ತು ಹಾಗೇ ನಿಂತಿದ್ದರಂತೆ. ಅಂತ್ಯಕ್ರಿಯೆಗೆ ನಾನೂ ಹೋಗಿದ್ದೆ. ಪೆಟ್ಟಿಗೆ ನಮ್ಮ ಮಗಳ ಸ್ಕೂಲ್ ಬ್ಯಾಗಿಗಿಂತ ಅಷ್ಟೇನೂ ದೊಡ್ಡದಿರಲಿಲ್ಲ. ಚರ್ಚಿನ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅಗೆದ ತಂಡದ ಟರ್ಕಿಷ್ ಹುಡುಗಿ ಅಂತ ಆಮೇಲೆ ಗೊತ್ತಾಯಿತು. ಆ ಅಕ್ಕ ಅವಳನ್ನು ಕೈಹಿಡಿದು ಮುಂದಕ್ಕೆ ಕರೆದುಕೊಂಡು ಬಂದು ಮನೆಯವರ ಸಾಲಿನಲ್ಲಿ ನಿಲ್ಲಿಸಿಕೊಂಡರು. ಏನಾಯಿತು ಅಂತ ಕೇಳಿದಿರಿ. ನಾನು ಕಂಡಿದ್ದು ಇದು.

ಹೊನ್ನಾಳಿ ಮೇಷ್ಟ್ರು
ಮಂಜು, ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಆಕೆ ಒಬ್ಬರು ಮಾಡಿದ್ದು ನೂರು ಸಭೆಗಿಂತ ಹೆಚ್ಚು.

ಪಾಠಪುಸ್ತಕದ ಬಗ್ಗೆ ಮಾತ್ರ ಸೇರಿಸುತ್ತೇನೆ, ಅದು ನನ್ನ ಕಸುಬು. ಎರಡೂ ಕಡೆ ಮಕ್ಕಳಿಗೆ ತಮ್ಮ ನೋವು ಮಾತ್ರ ಕಲಿಸುತ್ತಿದ್ದರು. ಗ್ರೀಕ್ ಶಾಲೆಯಲ್ಲಿ ಚರಿತ್ರೆ 1974ರಿಂದ ಶುರು, ಟರ್ಕಿಷ್ ಶಾಲೆಯಲ್ಲಿ 1963ರಿಂದ ಶುರು. ಎರಡೂ ಕಡೆಯ ಮೇಷ್ಟ್ರುಗಳು, ಸಂಶೋಧಕರು ಸೇರಿ ಇದನ್ನು ತಿದ್ದಲು ಒಂದು ಸಂಘ ಮಾಡಿಕೊಂಡರು. ಅವರೇ 2011ರಲ್ಲಿ ಗೆರೆಯ ನಡುವಿನ ಪಟ್ಟಿಯಲ್ಲೇ, ಗುಂಡಿನ ತೂತುಗಳಿರುವ ಲೆಡ್ರಾ ಪ್ಯಾಲೇಸ್ ಹೋಟೆಲಿನ ಎದುರು, ಹಾಳು ಕಟ್ಟಡ ಸರಿಮಾಡಿ ‘ಹೋಮ್ ಫಾರ್ ಕೋಆಪರೇಷನ್’ ತೆರೆದರು. ಮೇಷ್ಟ್ರುಗಳು ಮಾಡಿದ ಕೆಲಸ ಅಂತ ನನಗೆ ಹೆಮ್ಮೆ.

ಚನ್ನಪಟ್ಟಣದ ನೂರಿ
ಒಂದು ಕೇಳಲಾ? ಜಗಳಕ್ಕೆ ಮುಂಚೆ ಇವರೆಲ್ಲ ಹೇಗಿದ್ದರು? ಬೇರೆ ಬೇರೆ ಊರಾ, ಒಂದೇ ಊರಾ?

ಮಡಿಕೇರಿ ಮಂಜು
ಒಂದೇ ಊರಲ್ಲಿ ಇದ್ದವರು ಎಷ್ಟೋ ಜನ ನೂರಿ. ‘ಲಿನೊಬಂಬಾಕಿ’ ಅಂತ ಒಂದು ಪದ ಇದೆ. ಲಿನೊ ಅಂದರೆ ಅಗಸೆ ನಾರು, ಬಂಬಾಕಿ ಅಂದರೆ ಹತ್ತಿ. ಎರಡೂ ಸೇರಿಸಿ ನೇಯ್ದ ಬಟ್ಟೆ. ಆಟೊಮನ್ ಕಾಲದಲ್ಲಿ ಹೊರಗೆ ಮುಸ್ಲಿಮರಾಗಿ, ಮನೆಯಲ್ಲಿ ಕ್ರೈಸ್ತರಾಗಿ ಇದ್ದವರಿಗೆ ಹಾಗೆ ಕರೆಯುತ್ತಿದ್ದರು. ಸುನ್ನತಿಯೂ ಮಾಡಿಸುತ್ತಿದ್ದರು, ದೀಕ್ಷಾಸ್ನಾನವೂ ಮಾಡಿಸುತ್ತಿದ್ದರು. ಯೂಸುಫ್, ಜೋಸೆಫ್ ಹಾಗೆ ಎರಡೂ ಕಡೆ ನಡೆಯುವ ಹೆಸರು ಇಟ್ಟುಕೊಳ್ಳುತ್ತಿದ್ದರು. ಶಾಲೆಗಳು ಬೇರೆಯಾದ ಮೇಲೆ ಅವರೂ ಯಾವುದಾದರೂ ಒಂದು ಕಡೆ ಸೇರಲೇಬೇಕಾಯಿತು. ಊರಿನ ಹೆಸರೇ ನೋಡಿ. ಗ್ರೀಕರು ಲೆಫ್ಕೊಸಿಯಾ ಅನ್ನುತ್ತಾರೆ, ಟರ್ಕರು ಲೆಫ್ಕೋಶಾ ಅನ್ನುತ್ತಾರೆ. ಕಾಫಿಯಂತೂ ಒಂದೇ. ಅದೇ ಚಿಕ್ಕ ಹಿಡಿಪಾತ್ರೆ, ಅದೇ ಗಷ್ಟು. ಕೊಡಗಿನವನಾಗಿ ಎರಡೂ ಕಡೆ ಕುಡಿದು ನೋಡಿದ್ದೇನೆ, ಒಂದು ಚೂರೂ ವ್ಯತ್ಯಾಸ ಇಲ್ಲ.

ಬೀದರ್ ಹುಡುಗ
ಎಲ್ಲರಿಗೂ ನಮಸ್ಕಾರ. ನನಗೆ ಬರುವ ಸೆಪ್ಟೆಂಬರ್‌ಗೆ ನಿಕೋಸಿಯಾದಲ್ಲಿ ಎಂಎ ಸೀಟು ಸಿಕ್ಕಿದೆ, ದಕ್ಷಿಣದ ಕಡೆ. ಎರಡೂ ಕಡೆ ಓಡಾಡಬಹುದಾ? ಇಂಥ ಕೆಲಸದಲ್ಲಿ ನಾವು ಹೊರಗಿನವರು ಕೈ ಜೋಡಿಸಬಹುದಾ?

ಮಡಿಕೇರಿ ಮಂಜು
ಬಾ ತಮ್ಮಾ. ಮೊದಲು ಒಂದು ಎಚ್ಚರಿಕೆ. ಟಿಕೆಟ್ ಲಾರ್ನಕಾಕ್ಕೇ ತಗೋ. ಏಜೆಂಟರು ಕಡಿಮೆ ಬೆಲೆ ಅಂತ ಟರ್ಕಿ ಮೇಲೆ ಉತ್ತರದ ಎರ್ಜಾನ್ ನಿಲ್ದಾಣಕ್ಕೆ ಕಳಿಸುತ್ತಾರೆ. ದಕ್ಷಿಣದ ಸರ್ಕಾರ ಅದನ್ನು ಕಾನೂನಿನ ದಾರಿ ಅಂತ ಒಪ್ಪುವುದಿಲ್ಲ, ಆಮೇಲೆ ಗೋಳು. ದಾಟುವ ಮುಂಚೆ ನಿನ್ನ ವೀಸಾಕ್ಕೆ ಏನು ನಿಯಮ ಅಂತ ಕಾಲೇಜಿನಲ್ಲಿ ಕೇಳು. ಲೆಡ್ರಾ ಬೀದಿಯಲ್ಲಿ ನಡೆದೇ ದಾಟಬಹುದು. ಈ ಕಡೆ ಒಂದು ಗೂಡಿನಲ್ಲಿ ಪಾಸ್‌ಪೋರ್ಟ್, ಸ್ವಲ್ಪ ಮುಂದೆ ಆ ಕಡೆಯ ಗೂಡಿನಲ್ಲಿ ಮತ್ತೆ ಪಾಸ್‌ಪೋರ್ಟ್. ನಡುವೆ ಬಾಗಿಲು ಹಾಕಿದ ಅಂಗಡಿಗಳು. 2011ರ ಚಳಿಗಾಲದಲ್ಲಿ ಎರಡೂ ಕಡೆಯ ಹುಡುಗರು ಅಲ್ಲೇ ಟೆಂಟ್ ಹಾಕಿಕೊಂಡು ತಿಂಗಳುಗಟ್ಟಲೆ ಕೂತಿದ್ದರು.

ಕೈ ಜೋಡಿಸುವುದಕ್ಕೆ ಮೇಷ್ಟ್ರು ಹೇಳಿದ ಆ ಮನೆಗೆ ಹೋಗು. ಕೆಳಗೆ ಒಂದು ಕೆಫೆ ಇದೆ. ಭಾಷೆ ಕಲಿಸುತ್ತಾರೆ, ಕುಣಿತ ಕಲಿಸುತ್ತಾರೆ. ನಿನಗೆ ಹಾಡು ಬಂದರೆ, 1997ರಿಂದ ನಡೆಯುತ್ತಿರುವ ಎರಡೂ ಸಮುದಾಯದವರ ಗಾಯನ ತಂಡ ಇದೆ. ಗ್ರೀಕಿನಲ್ಲೂ ಟರ್ಕಿಷ್‌ನಲ್ಲೂ ಹಾಡುತ್ತಾರೆ. ಮೊದಲ ತಿಂಗಳು ಸುಮ್ನೆ ಕೂತು ಕೇಳು, ಸಲಹೆ ಕೊಡಲು ಹೋಗಬೇಡ. ನಾನು ಆ ತಪ್ಪು ಮಾಡಿದ್ದೆ.

ಬೀದರ್ ಹುಡುಗ
ಸರಿ ಅಣ್ಣ. ಹಾಡಲು ಬರುತ್ತೆ, ವಚನ ಮತ್ತು ಕವ್ವಾಲಿ. ಬಂದ ಕೂಡಲೇ ಮೆಸೇಜ್ ಮಾಡುತ್ತೇನೆ.

ಕಡಲತಡಿ
ತಮ್ಮಾ, ತೆಕ್ಕೆ ನೋಡಬೇಕಾದರೆ ಭಾನುವಾರ ಬಾ, ನನಗೆ ಆವತ್ತೇ ರಜೆ. ಚಳಿಗಾಲಕ್ಕೆ ಕಾದು ಬಂದರೆ ಕೆರೆ ತುಂಬಾ ಫ್ಲೆಮಿಂಗೊ ಹಕ್ಕಿಗಳಿರುತ್ತವೆ. ನೂರಿ, ನಿಮ್ಮ ಅಜ್ಜಿಯ ಹೆಸರು ಹೇಳಿ. ಮುಂದಿನ ವಾರ ಹೋಗುತ್ತಿದ್ದೇನೆ, ಅವರ ಹೆಸರಿನಲ್ಲಿ ಕೈಮುಗಿದು ಬರುತ್ತೇನೆ.

ಚನ್ನಪಟ್ಟಣದ ನೂರಿ
ಮೆಸೇಜ್‌ನಲ್ಲಿ ಕಳಿಸಿದ್ದೇನೆ ಅಕ್ಕ. ಒಂದು ಫೋಟೋ ತೆಗೆದು ಕಳಿಸ್ತೀರಾ? ಬೆಕ್ಕುಗಳದ್ದೂ.